ಮೆರವಣಿಗೆಯ ದಾರಿಯಲ್ಲೊಂದು ಹೋಟೆಲು: ಹಳೆಯ ಛಾಯಾಚಿತ್ರಗಳಿಂದ ಇತಿಹಾಸ ಬರೆದ ಒಂದು ಪ್ರಕರಣ

ಹಿನ್ನೆಲೆ

ಮೈಸೂರಿನ ಹಳೆಯ ಪೇಟೆಯಲ್ಲಿ, ದಸರೆಯ ಜಂಬೂಸವಾರಿ ಸಾಗುವ ಸಯ್ಯಾಜಿರಾವ್ ರಸ್ತೆಯ ಪೂರ್ವದ ಮಗ್ಗುಲಲ್ಲಿ, ಊಟ ಮತ್ತು ವಸತಿ ಎರಡನ್ನೂ ಒದಗಿಸುತ್ತ ಬಂದ ಹಳೆಯ ಹೋಟೆಲೊಂದರ ಪ್ರಕರಣವಿದು. ಅದರ ಹೆಸರನ್ನಾಗಲಿ ಮಾಲೀಕರ ಮನೆತನವನ್ನಾಗಲಿ ಇಲ್ಲಿ ಹೇಳುವುದಿಲ್ಲ. ಗುರುತು ಹತ್ತಬಾರದೆಂದು ಕೆಲವು ಸಣ್ಣ ವಿವರಗಳನ್ನು ಬದಲಿಸಲಾಗಿದೆ. ಚಿತ್ರಗಳ ಕಾಲ ನಿರ್ಣಯಕ್ಕೆ ಆಧಾರವಾದ ಊರಿನ ಸಂಗತಿಗಳು ಮಾತ್ರ ಇದ್ದದ್ದು ಇದ್ದಂತೆಯೇ ಇವೆ.

ಮೂರನೆಯ ತಲೆಮಾರಿನ ಮಾಲೀಕರು ಹೋಟೆಲಿನ ನೂರನೆಯ ವರ್ಷದ ನೆನಪಿಗೆ ಒಂದು ಕಿರುಪುಸ್ತಕ ಮತ್ತು ಊಟದ ಹಜಾರದ ಗೋಡೆಗೆ ಚಿತ್ರಪ್ರದರ್ಶನ ಬೇಕೆಂದು ನನ್ನನ್ನು ಕರೆಸಿದ್ದರು. ಮೇಲಂತಸ್ತಿನ ಮದ್ರಾಸ್ ತಾರಸಿಯ, ಅಂದರೆ ಮರದ ತೊಲೆಗಳ ಮೇಲೆ ಇಟ್ಟಿಗೆ ಮತ್ತು ಗಾರೆಯಿಂದ ಕಟ್ಟಿದ ಛಾವಣಿಯ, ದುರಸ್ತಿ ಇನ್ನು ಮುಂದೂಡಲಾಗದ ಸ್ಥಿತಿಯಲ್ಲಿತ್ತು. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗವೂ 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಕುಸಿದದ್ದನ್ನು ಕಂಡಿದ್ದ ಆ ರಸ್ತೆಯ ಹಳೆಯ ಕಟ್ಟಡಗಳ ಮಾಲೀಕರಿಗೆ, ಗೋಡೆಗೆ ಕೈಹಚ್ಚುವ ಮೊದಲು ಎಲ್ಲವನ್ನೂ ದಾಖಲಿಸಿಕೊಳ್ಳಬೇಕೆಂಬ ಎಚ್ಚರ ತಾನಾಗಿಯೇ ಬಂದಿತ್ತು.

ಕೈಗೆ ಸಿಕ್ಕ ಸಾಮಗ್ರಿ ಮೂರು ಬಗೆಯದು: ಹಜಾರದಲ್ಲಿ ಚೌಕಟ್ಟು ಹಾಕಿ ತೂಗಿದ್ದ ಚಿತ್ರಗಳು, ಮನೆಯ ಎರಡು ಆಲ್ಬಮ್‌ಗಳು, ಮಾಳಿಗೆಯ ಕೋಣೆಯಲ್ಲಿ ತಗಡಿನ ಪೆಟ್ಟಿಗೆಯೊಂದರಲ್ಲಿ ತುಂಬಿಟ್ಟಿದ್ದ ನೆಗೆಟಿವ್‌ಗಳು. ಆಲ್ಬಮ್‌ನ ಚಿತ್ರಗಳ ಕೆಳಗೆ ಒಂದೇ ಕೈಬರಹದಲ್ಲಿ ಇಸವಿ ಮತ್ತು ವಿವರಗಳಿದ್ದವು. ಸ್ಥಾಪಕರ ಕಿರಿಯ ಮಗ, ಈಗ ತೀರಿಕೊಂಡಿರುವವರು, 1970ರ ದಶಕದಲ್ಲಿ ಒಂದೇ ಸಲ ಕೂತು ಬರೆದ ಶೀರ್ಷಿಕೆಗಳವು. ಕುಟುಂಬಕ್ಕೆ ಆ ಬರಹವೇ ಇತಿಹಾಸ. ಹೋಟೆಲಿನ ನಾಮಫಲಕದಲ್ಲಿರುವ ‘ಸ್ಥಾಪನೆ: 1918’ ಎಂಬ ಸಾಲು ಕೂಡ ಅಲ್ಲಿಂದಲೇ ಬಂದದ್ದು.

ಕೆಲಸದ ಮೊದಲ ತೀರ್ಮಾನ ಇತಿಹಾಸಕ್ಕಿಂತ ಹೆಚ್ಚಾಗಿ ವಸ್ತುಗಳ ಆರೋಗ್ಯಕ್ಕೆ ಸಂಬಂಧಿಸಿದ್ದು. ಒಂದು ಆಲ್ಬಮ್ ಅಂಟುಹಾಳೆಯ ಮೇಲೆ ಪ್ಲಾಸ್ಟಿಕ್ ಪೊರೆ ಹೊದಿಸಿದ ಮಾದರಿಯದು. ಆ ಅಂಟು ವರ್ಷಗಳು ಕಳೆದಂತೆ ಹಳದಿಗಟ್ಟಿ ಚಿತ್ರದ ಬೆನ್ನನ್ನು ಕಚ್ಚಿ ಹಿಡಿಯುತ್ತದೆ. ಚೌಕಟ್ಟಿನ ಕೆಲವು ಚಿತ್ರಗಳು ಅಡುಗೆಮನೆಯ ಹಬೆಗೂ ಮಳೆಗಾಲದ ತೇವಕ್ಕೂ ಸಿಕ್ಕಿ ಗಾಜಿಗೇ ಅಂಟಿಕೊಂಡಿದ್ದವು, ಏಕೆಂದರೆ ಚಿತ್ರದ ಮೇಲ್ಪದರವಾದ ಜೆಲಟಿನ್ ತೇವ ಹೀರಿದೊಡನೆ ಉಬ್ಬಿ ತಾನೇ ಅಂಟಾಗಿಬಿಡುತ್ತದೆ. ಬಿಡಿಸಿ ತೆಗೆದು ಸ್ವಚ್ಛಗೊಳಿಸಿ ಸ್ಕ್ಯಾನ್ ಮಾಡೋಣವೆಂದು ಮನೆಯ ಕಿರಿಯರು ಉತ್ಸಾಹ ತೋರಿದರು. ಅದನ್ನು ಒಪ್ಪದೆ, ಗಾಜಿಗೆ ಅಂಟಿದವನ್ನು ಇದ್ದಲ್ಲೇ, ಎರಡು ಬದಿಯಿಂದ ಓರೆಯಾಗಿ ಬೆಳಕು ಬಿಟ್ಟು ಕ್ಯಾಮೆರಾದಿಂದ ತೆಗೆದೆವು. ಆಲ್ಬಮ್‌ನ ಪುಟಗಳನ್ನು ಮೊದಲು ಇಡಿಯಾಗಿ, ಶೀರ್ಷಿಕೆಗಳ ಸಮೇತ ಚಿತ್ರಿಸಿ, ಸುಲಭವಾಗಿ ಬಿಡುವ ಚಿತ್ರಗಳನ್ನು ಮಾತ್ರ ಹಲ್ಲಿನ ಸಂದಿಗೆ ಬಳಸುವ ಮೇಣವಿಲ್ಲದ ದಾರದಿಂದ ನಿಧಾನವಾಗಿ ಬಿಡಿಸಿದೆವು. ಪುಟವನ್ನು ಇಡಿಯಾಗಿ ಹಿಡಿದಿಟ್ಟದ್ದರ ಬೆಲೆ ಮುಂದೆ ತಿಳಿಯಿತು: ಯಾವ ಚಿತ್ರದ ಪಕ್ಕ ಯಾವುದನ್ನು ಅಂಟಿಸಿದ್ದರು ಎಂಬುದೇ ಹಲವು ಕಡೆ ಸುಳಿವಾಯಿತು.

ಉದ್ಘಾಟನೆಯ ಚಿತ್ರ

ಹಜಾರದ ನಡುವೆ, ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯಲ್ಲಿ ತೂಗಿದ್ದ ಚಿತ್ರ ಕುಟುಂಬಕ್ಕೆ ಎಲ್ಲಕ್ಕಿಂತ ಮುಖ್ಯವಾದದ್ದು. ಬಾಗಿಲಿಗೆ ಬಾಳೆಕಂಬ, ಮಾವಿನ ತೋರಣ. ಮುಂದೆ ಪೇಟ ಧರಿಸಿದ ಸ್ಥಾಪಕರು, ಸುತ್ತ ಗಣ್ಯರು. ಆಲ್ಬಮ್‌ನಲ್ಲಿ ಇದಕ್ಕಿದ್ದ ಶೀರ್ಷಿಕೆ: ‘ಹೋಟೆಲ್ ಪ್ರಾರಂಭೋತ್ಸವ, 1918’. ಪುಸ್ತಕದ ಮುಖಪುಟಕ್ಕೆ ಇದೇ ಎಂದು ಮೊದಲ ಸಭೆಯಲ್ಲೇ ನಿಶ್ಚಯವಾಗಿತ್ತು.

ದೊಡ್ಡ ಪ್ರಮಾಣದಲ್ಲಿ ಹಿಗ್ಗಿಸಿ ನೋಡಿದಾಗ ಚಿತ್ರದ ಬಲ ಅಂಚಿನಲ್ಲಿ, ಎರಡು ಛಾವಣಿಗಳ ನಡುವಿನ ಕಿಂಡಿಯಲ್ಲಿ, ಮಸುಕಾದ ಒಂದು ಗೋಪುರದ ತುದಿ ಕಾಣಿಸಿತು. ಮೈಸೂರಿನ ದೊಡ್ಡ ಗಡಿಯಾರ ನಿರ್ಮಾಣವಾದದ್ದು 1927ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗಾಗಿ. ಆ ತುದಿ ದೊಡ್ಡ ಗಡಿಯಾರದ್ದಾಗಿದ್ದರೆ ಚಿತ್ರ 1918ರದಾಗಲು ಸಾಧ್ಯವಿಲ್ಲ.

ಕುಟುಂಬದ ಹಿರಿಯರೊಬ್ಬರು ತಕ್ಷಣ ಎತ್ತಿದ ಆಕ್ಷೇಪ ಉಪೇಕ್ಷಿಸುವಂಥದ್ದಾಗಿರಲಿಲ್ಲ. ಊರಿನಲ್ಲಿ ಎರಡು ಗಡಿಯಾರಗಳಿವೆಯಲ್ಲ. ಡಫರಿನ್ ಹೆಸರಿನ ಚಿಕ್ಕ ಗಡಿಯಾರ 1886ರಷ್ಟು ಹಳೆಯದು, ಅದು ಹೋಟೆಲಿಗೆ ಹತ್ತಿರವೂ ಹೌದು. ಕಾಣುವುದು ಅದೇ ಏಕಾಗಬಾರದು? ತುದಿ ಮಸುಕಾಗಿದ್ದುದರಿಂದ ಆಕಾರವೊಂದನ್ನೇ ನಂಬುವಂತಿರಲಿಲ್ಲ. ಆದ್ದರಿಂದ ಪ್ರಶ್ನೆಯನ್ನು ಬದಲಿಸಿ, ಕ್ಯಾಮೆರಾ ಎಲ್ಲಿ ನಿಂತಿತ್ತು ಎಂಬುದನ್ನು ಹುಡುಕಿದೆವು. ಹೋಟೆಲು ರಸ್ತೆಯ ಪೂರ್ವಕ್ಕಿದೆ. ಅದರ ಮುಖವನ್ನು ತೆಗೆಯಲು ಛಾಯಾಗ್ರಾಹಕ ರಸ್ತೆಯ ಪಶ್ಚಿಮಕ್ಕೆ, ಮಾರುಕಟ್ಟೆಯ ಬದಿಯಲ್ಲಿ ನಿಲ್ಲಬೇಕು, ಪೂರ್ವಕ್ಕೋ ಆಗ್ನೇಯಕ್ಕೋ ನೋಡಬೇಕು. ಚಿಕ್ಕ ಗಡಿಯಾರ ಇರುವುದು ಮಾರುಕಟ್ಟೆಯ ಬದಿಯಲ್ಲೇ; ಪೂರ್ವದ ಸಾಲಿನ ಛಾವಣಿಗಳ ಆಚೆಗೆ ಅದು ಕಾಣುವ ಮಾತೇ ಇಲ್ಲ. ದೊಡ್ಡ ಗಡಿಯಾರವೋ ಅರಮನೆಯ ಉತ್ತರಕ್ಕೆ, ಪುರಭವನದ ಬಳಿ, ಅಂದರೆ ಸರಿಯಾಗಿ ಆಗ್ನೇಯ ದಿಕ್ಕಿಗಿದೆ. ಚಿತ್ರ ಕನ್ನಡಿಯಂತೆ ತಿರುವುಮುರುವಾಗಿ ಮುದ್ರಣವಾಗಿರಬಹುದೆಂಬ ಕೊನೆಯ ಸಂದೇಹವನ್ನು ಬಾಗಿಲ ಮೇಲಿನ ಫಲಕದ ಅಕ್ಷರಗಳು ನಿವಾರಿಸಿದವು. ಅವು ನೇರವಾಗಿಯೇ ಇದ್ದವು. ಮೈಸೂರಿಗೆ ವಿದ್ಯುದ್ದೀಪ ಬಂದದ್ದು 1908ರಲ್ಲಾದ್ದರಿಂದ ಚಿತ್ರದಲ್ಲಿದ್ದ ವಿದ್ಯುತ್ ಕಂಬ ಮಾತ್ರ ಯಾವ ಪಕ್ಷಕ್ಕೂ ನೆರವಾಗಲಿಲ್ಲ.

ಇಲ್ಲಿ ಎರಡು ದಾರಿಗಳಿದ್ದವು. ಚಿತ್ರದ ಇಸವಿಯನ್ನು ಮಾತ್ರ ತಿದ್ದಿ, 1918 ಎಂಬ ಸ್ಥಾಪನಾ ವರ್ಷವನ್ನು ಹಾಗೆಯೇ ಉಳಿಸಿಕೊಳ್ಳುವುದು ಒಂದು. ಹೋಟೆಲಿನ ವಯಸ್ಸನ್ನೇ ಮರುಪರಿಶೀಲಿಸುವುದು ಇನ್ನೊಂದು. ಮಾಲೀಕರು ಎರಡನೆಯದನ್ನು ಆರಿಸಿಕೊಂಡದ್ದು ಈ ಪ್ರಕರಣದ ಮೊದಲ ತಿರುವು. ಹಳೆಯ ಕಂದಾಯದ ಪುಸ್ತಕಗಳನ್ನು ನೋಡಿದಾಗ ಈ ನಿವೇಶನದಲ್ಲಿ ಹೋಟೆಲಿನ ಉಲ್ಲೇಖ ಸಿಕ್ಕಿದ್ದು 1930ರ ಆಸುಪಾಸಿನಲ್ಲಿ. ಅದಕ್ಕೂ ಹಿಂದೆ ಸ್ಥಾಪಕರು ಪಕ್ಕದ ಬೀದಿಯೊಂದರಲ್ಲಿ ಬಾಡಿಗೆಯ ಮಳಿಗೆ ಹಿಡಿದು ಕಾಫಿ ಕ್ಲಬ್ ನಡೆಸುತ್ತಿದ್ದರೆಂದು ಮನೆಯ ಹಿರಿಯ ಹೆಣ್ಣುಮಕ್ಕಳು ಹೇಳುತ್ತಿದ್ದರು. ಆ ಕಾಲದಲ್ಲಿ ಇಂಥ ಉಪಾಹಾರದ ಮಳಿಗೆಗಳನ್ನು ಊರೂರಲ್ಲೂ ಹಾಗೆಯೇ ಕರೆಯುತ್ತಿದ್ದರು. ಆ ಮಾತನ್ನು ಪುಷ್ಟೀಕರಿಸುವ ಕಾಗದ ಸಿಗಲಿಲ್ಲ, ಅಲ್ಲಗಳೆಯುವ ಕಾಗದವೂ ಸಿಗಲಿಲ್ಲ. ಕೊನೆಗೆ ಚಿತ್ರದ ಕೆಳಗೆ ಬರೆದದ್ದು ಇಷ್ಟು: ‘ಆಲ್ಬಮ್‌ನ ಶೀರ್ಷಿಕೆಯಲ್ಲಿ 1918 ಎಂದಿದೆ. ಹಿನ್ನೆಲೆಯಲ್ಲಿ ದೊಡ್ಡ ಗಡಿಯಾರ ಕಾಣುವುದರಿಂದ ಚಿತ್ರ 1927 ಅಥವಾ ಅನಂತರದ್ದು. 1918ರಲ್ಲಿ ಬೇರೊಂದು ಮಳಿಗೆಯಲ್ಲಿ ವ್ಯಾಪಾರ ಆರಂಭವಾಯಿತೆಂಬುದು ಕುಟುಂಬದ ನೆನಪು.’ ಮೂರೂ ವಾಕ್ಯಗಳನ್ನು ಉಳಿಸಿಕೊಳ್ಳಬೇಕೆಂದು ನಾನು ಪಟ್ಟು ಹಿಡಿದಿದ್ದೆ. ಹಳೆಯ ಶೀರ್ಷಿಕೆಯನ್ನು ಅಳಿಸಿದರೆ, ಆ ಕಾಲದಲ್ಲಿ ಮನೆಯವರು ತಮ್ಮ ಕಥೆಯನ್ನು ಹೇಗೆ ನೆನಪಿಟ್ಟುಕೊಂಡಿದ್ದರು ಎಂಬುದಕ್ಕಿರುವ ಒಂದೇ ದಾಖಲೆಯೂ ಅಳಿದುಹೋಗುತ್ತದೆ.

ಅಂಬಾರಿಯೂ ದರಪಟ್ಟಿಯೂ

ಪೆಟ್ಟಿಗೆಯ ನೆಗೆಟಿವ್‌ಗಳಲ್ಲಿ ಬಹುಪಾಲು ದಸರೆಯವು. ಜಂಬೂಸವಾರಿಯ ದಿನ ಮೇಲಂತಸ್ತಿನ ಮೊಗಸಾಲೆಯನ್ನು ನೋಡುಗರಿಗೆ ಬಾಡಿಗೆಗೆ ಕೊಡುತ್ತಿದ್ದರು. ಅಲ್ಲಿಂದಲೂ ಎದುರಿನ ಬದಿಯಿಂದಲೂ ತೆಗೆದ ಚಿತ್ರಗಳು ಹಲವಾರು. ಮೈಸೂರಿನಲ್ಲಿ ಕೆಲಸ ಮಾಡುವವರಿಗೆ ಇದು ದೊಡ್ಡ ಅನುಕೂಲ: ಅದೇ ರಸ್ತೆ, ಅದೇ ಮೆರವಣಿಗೆ ಪ್ರತಿವರ್ಷವೂ ಕ್ಯಾಮೆರಾದೆದುರು ಹಾದುಹೋಗುವುದರಿಂದ ಕಟ್ಟಡದ ಬದಲಾವಣೆಗಳು ಹಿನ್ನೆಲೆಯಲ್ಲಿ ತಾವಾಗಿ ದಾಖಲಾಗಿರುತ್ತವೆ. ತೆಗೆದವರು ಆನೆಯನ್ನು ತೆಗೆದಿದ್ದರು, ನಮಗೆ ಬೇಕಾದದ್ದು ಆನೆಯ ಹಿಂದಿನ ಗೋಡೆ.

ಕಾಲ ಗುರುತಿಸಲು ಅಂಬಾರಿಯಲ್ಲಿ ಯಾರಿದ್ದಾರೆ ಎಂಬುದೇ ಮೊದಲ ಅಳತೆಗೋಲು. ನಾಲ್ವಡಿಯವರು ತೀರಿಕೊಂಡದ್ದು 1940ರ ಆಗಸ್ಟ್ 3ರಂದು. ಅನಂತರದ ದಸರೆಗಳಲ್ಲಿ ಜಯಚಾಮರಾಜೇಂದ್ರ ಒಡೆಯರು. ಅವರು ಅಂಬಾರಿಯಲ್ಲಿ ಕುಳಿತು ಸಾಗಿದ್ದು 1969ರವರೆಗೆ. 1971ರಲ್ಲಿ ಸಂವಿಧಾನದ ತಿದ್ದುಪಡಿಯಿಂದ, ಮಾಜಿ ಅರಸರಿಗೆ ಸರ್ಕಾರ ಕೊಡುತ್ತಿದ್ದ ರಾಜಧನ ರದ್ದಾಯಿತು. ಮೆರವಣಿಗೆ ಮುಂದೆ ಸರ್ಕಾರದ ನಾಡಹಬ್ಬವಾಗಿ, ಅಂಬಾರಿಯಲ್ಲಿ ಚಾಮುಂಡೇಶ್ವರಿಯ ಮೂರ್ತಿಯನ್ನಿಟ್ಟು ನಡೆಯತೊಡಗಿತು. ಆಲ್ಬಮ್‌ನಲ್ಲಿ ‘1965, ಹೊಸ ಬಣ್ಣ ಬಳಿದಾಗ’ ಎಂದಿದ್ದ ಚಿತ್ರದ ಅಂಬಾರಿಯಲ್ಲಿ ದೇವಿಯ ಮೂರ್ತಿ ಸ್ಪಷ್ಟವಾಗಿತ್ತು. ಶೀರ್ಷಿಕೆ ಬರೆದವರು ತಮ್ಮ ಜೀವಮಾನದಲ್ಲೇ ನಡೆದದ್ದನ್ನೂ ಐದಾರು ವರ್ಷ ಹಿಂದಕ್ಕೆ ತಳ್ಳಿದ್ದರು. ಇದರಿಂದ ಅವರ ಇಸವಿಗಳ ಬಗ್ಗೆ ಒಂದು ಸಾಮಾನ್ಯ ತಿಳಿವಳಿಕೆ ದೊರೆಯಿತು: ಎಲ್ಲಿ ಪರೀಕ್ಷಿಸಲು ಸಾಧ್ಯವಾಯಿತೋ ಅಲ್ಲೆಲ್ಲ ತಪ್ಪು ಹಿಂದಕ್ಕೇ ವಾಲಿತ್ತು. ಮನೆತನದ ಹಿರಿಮೆಗೆ ವಯಸ್ಸು ಸೇರಿಸುವ ಹಂಬಲ ಇದ್ದಿರಬಹುದು, ಬರಿಯ ಮರೆವೂ ಇರಬಹುದು.

ಅತ್ಯಂತ ಹೆಚ್ಚು ತಲೆಕೆಡಿಸಿದ ಚಿತ್ರ ಬೇರೊಂದು. ಹೋಟೆಲಿನ ಎಡಕ್ಕೆ ಖಾಲಿ ಜಾಗ ಕಾಣುವ ದಸರೆಯ ಮುದ್ರಣವದು. ‘ಉತ್ತರದ ಕೋಣೆಗಳನ್ನು ಕಟ್ಟುವ ಮೊದಲು’ ಎಂಬ ಶೀರ್ಷಿಕೆ. ಆದರೆ ಕಟ್ಟಡವನ್ನೇ ಪರಿಶೀಲಿಸಿದ ಎಂಜಿನಿಯರ್, ಇಟ್ಟಿಗೆಯ ಅಳತೆ ಮತ್ತು ಗಾರೆಯನ್ನು ನೋಡಿ, ಹೊಸದಾಗಿ ಸೇರಿಸಿದ್ದು ದಕ್ಷಿಣದ ಭಾಗ ಎಂದು ಖಚಿತವಾಗಿ ಹೇಳುತ್ತಿದ್ದರು. ಚಿತ್ರದಲ್ಲಿ ಓದಲು ಒಂದು ಅಕ್ಷರವೂ ಇರಲಿಲ್ಲ. ಬಿಡಿಸಿಕೊಟ್ಟದ್ದು ಮೆರವಣಿಗೆಯ ದಿಕ್ಕು. ಜಂಬೂಸವಾರಿ ಅರಮನೆಯಿಂದ ಹೊರಟು ಉತ್ತರಕ್ಕೆ, ಬನ್ನಿಮಂಟಪದ ಕಡೆಗೆ ಸಾಗುತ್ತದೆ. ಪೂರ್ವಕ್ಕೆ ಮುಖಮಾಡಿ ನಿಂತವನಿಗೆ ಉತ್ತರ ಎಡಕ್ಕಿರುತ್ತದೆ. ಆನೆಗಳು ಬಲದಿಂದ ಎಡಕ್ಕೆ ನಡೆಯಬೇಕು. ಮುದ್ರಣದಲ್ಲಿ ಅವು ಎಡದಿಂದ ಬಲಕ್ಕೆ ನಡೆಯುತ್ತಿದ್ದವು. ಸಾಲಿನಲ್ಲಿದ್ದವರ ಕತ್ತಿಗಳು ಕೂಡ ಎಡ ಸೊಂಟದ ಬದಲು ಬಲ ಸೊಂಟದಲ್ಲಿ ತೂಗುತ್ತಿದ್ದವು. ಮುದ್ರಿಸುವಾಗ ನೆಗೆಟಿವನ್ನು ಮಗುಚಿ ಇಟ್ಟಿದ್ದರೆಂಬುದು ಅಲ್ಲಿಗೆ ನಿಶ್ಚಯವಾಯಿತು. ಸರಿಯಾಗಿ ತಿರುಗಿಸಿದಾಗ ಖಾಲಿ ಜಾಗ ದಕ್ಷಿಣಕ್ಕೆ ಬಂತು. ದುರಸ್ತಿಯ ನಕ್ಷೆಯಲ್ಲಿ ಹಳೆಯ ಗೋಡೆ ಯಾವುದು, ಮೊದಲು ಆಸರೆ ಕೊಡಬೇಕಾದದ್ದು ಯಾವುದಕ್ಕೆ ಎಂಬುದನ್ನು ತೀರ್ಮಾನಿಸಲು ಎಂಜಿನಿಯರ್‌ಗೆ ಈ ಚಿತ್ರ ನೇರವಾಗಿ ಒದಗಿತು.

ಒಳಾಂಗಣದ ಚಿತ್ರಗಳಲ್ಲಿ ಇಂಥ ಅನುಕೂಲವಿಲ್ಲ. ಅಲ್ಲಿ ನೆರವಿಗೆ ಬಂದದ್ದು ಗೋಡೆಯ ಕರಿಹಲಗೆಯ ದರಪಟ್ಟಿ. ದಶಮಾಂಶ ನಾಣ್ಯ ಜಾರಿಯಾದದ್ದು 1957ರ ಏಪ್ರಿಲ್ 1ರಂದು. ಆಣೆಯ ಬದಲು ಬಂದ ‘ನಯಾ ಪೈಸೆ’ಯ ಹೆಸರಿನಿಂದ ‘ನಯಾ’ ಎಂಬ ವಿಶೇಷಣವನ್ನು ಕೈಬಿಟ್ಟದ್ದು 1964ರ ಜೂನ್‌ನಲ್ಲಿ. ಹಲಗೆಯಲ್ಲಿ ಆಣೆಯ ಲೆಕ್ಕವಿದ್ದರೆ ಚಿತ್ರ ಹೆಚ್ಚುಕಡಿಮೆ 1957ಕ್ಕೆ ಹಿಂದಿನದು, ‘ನ.ಪೈ.’ ಎಂದಿದ್ದರೆ ಆ ಏಳೆಂಟು ವರ್ಷಗಳ ಒಳಗಿನದು. ವ್ಯಾಪಾರಿಗಳು ಹೊಸ ಲೆಕ್ಕಕ್ಕೆ ಒಂದೇ ದಿನದಲ್ಲಿ ಹೊರಳಲಿಲ್ಲವಾದ್ದರಿಂದ ಇದನ್ನು ತೀರಾ ಬಿಗಿಯಾಗಿ ಹಿಡಿಯಬಾರದು, ಆದರೂ ‘1952’ ಎಂದಿದ್ದ ಶೀರ್ಷಿಕೆಯೊಂದನ್ನು ತಳ್ಳಿಹಾಕಲು ಅಷ್ಟು ಸಾಕಾಯಿತು.

ಮರದ ಅಡ್ಡಗೋಡೆ

ಆ ‘1952’ರ ಚಿತ್ರ ಹುಟ್ಟುಹಾಕಿದ ಪ್ರಶ್ನೆ ಇಸವಿಯದಷ್ಟೇ ಆಗಿರಲಿಲ್ಲ. ಆಲ್ಬಮ್‌ನ ಅದೇ ಪುಟದಲ್ಲಿ, ಅದರ ಪಕ್ಕದಲ್ಲೇ, ಅದೇ ಹಜಾರದ ಇನ್ನೂ ಹಳೆಯ ಚಿತ್ರವೊಂದಿತ್ತು. ಎರಡನ್ನೂ ಹೋಲಿಸಿ ನೋಡಿದಾಗ, ಹಳೆಯದರಲ್ಲಿ ಹಜಾರವನ್ನು ಸೀಳುವ ಎದೆಯೆತ್ತರದ ಮರದ ಅಡ್ಡಗೋಡೆ ಕಂಡಿತು. ಅದರಾಚೆಯ ಬಾಗಿಲ ಮೇಲೆ ‘ಬ್ರಾಹ್ಮಣರಿಗೆ’ ಎಂಬ ಫಲಕ. ಹೊಸದರಲ್ಲಿ ಅಡ್ಡಗೋಡೆಯೂ ಇಲ್ಲ, ಫಲಕವೂ ಇಲ್ಲ. ನೆಲದ ಮೇಲೆ ಅದು ನಿಂತಿದ್ದ ಗುರುತು ಮಾತ್ರ ಗೆರೆಯಾಗಿ ಉಳಿದಿದೆ.

ಇದು ಈ ಹೋಟೆಲಿನದಷ್ಟೇ ಕಥೆಯಲ್ಲ. ದಕ್ಷಿಣ ಭಾರತದ ಎಷ್ಟೋ ಸಸ್ಯಾಹಾರಿ ಹೋಟೆಲುಗಳಲ್ಲಿ ಪಂಕ್ತಿ ಬೇರೆ, ಲೋಟ ಬೇರೆ ಇದ್ದವು. ಕೆಲವರಿಗೆ ಒಳಗೆ ಕಾಲಿಡಲೇ ಅವಕಾಶವಿರಲಿಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿ ಹೋಟೆಲು, ಉಪಾಹಾರ ಗೃಹಗಳನ್ನು ಹೆಸರಿಸಿಯೇ ಈ ತಡೆಯನ್ನು ನಿಷೇಧಿಸಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಅದಕ್ಕೆ ಶಿಕ್ಷೆಯನ್ನೂ ವಿಧಿಸಿತು. ಆ ಬಳಿಕವೂ ಫಲಕಗಳ ಮೇಲಿನ ಜಾತಿಸೂಚಕ ಹೆಸರಿನ ವಿವಾದ ಮುಗಿಯಲಿಲ್ಲ. 1957ರಲ್ಲಿ ಮದರಾಸಿನಲ್ಲಿ ಪೆರಿಯಾರ್ ಅದನ್ನೇ ಹಿಡಿದು ಚಳವಳಿ ನಡೆಸಿದ್ದು ಬಲ್ಲವರಿಗೆ ಗೊತ್ತು.

ಹಳೆಯ ಚಿತ್ರವನ್ನು ಪ್ರದರ್ಶನದಿಂದ ಕೈಬಿಡಬೇಕೆಂದು ಕುಟುಂಬದ ಇಬ್ಬರು ಒತ್ತಾಯಿಸಿದರು. ಊಟಕ್ಕೆ ಬಂದವರ ಕಣ್ಣಿಗೆ ಇದು ಏಕೆ ಬೀಳಬೇಕು, ಇಂದಿನ ನೌಕರರಿಗೆ ಹೇಗನ್ನಿಸೀತು ಎಂಬುದು ಅವರ ವಾದ. ಮತ್ತೊಬ್ಬರು ಮಧ್ಯದ ದಾರಿಯೆಂದು ಮೇಲ್ಭಾಗವನ್ನು ಕತ್ತರಿಸಿ ಫಲಕ ಕಾಣದಂತೆ ಬಳಸೋಣವೆಂದರು. ಎರಡನೆಯ ಸಲಹೆ ನನಗೆ ಮೊದಲನೆಯದಕ್ಕಿಂತ ಹೆಚ್ಚು ಅಪಾಯಕಾರಿಯಾಗಿ ತೋರಿತು. ಕೈಬಿಟ್ಟ ಚಿತ್ರ ಆಲ್ಬಮ್‌ನಲ್ಲಿ ಇದ್ದಂತೆಯೇ ಉಳಿದಿರುತ್ತದೆ. ಕತ್ತರಿಸಿ ಮುದ್ರಿಸಿದ್ದು ಊರೆಲ್ಲ ಹರಡಿ, ನಾಳೆ ಅದೇ ಮೂಲವೆಂದು ನಡೆಯುತ್ತದೆ. ಕತ್ತರಿಸುವುದಾದರೆ ಚಿತ್ರವೇ ಬೇಡ ಎಂದು ಬರೆದು ತಿಳಿಸಿದೆ. ಮಾತುಕತೆ ಅಲ್ಲಿಗೆ ನಿಂತಿತು.

ಅದನ್ನು ಮತ್ತೆ ಮುಂದುವರಿಸಿದವರು ಮನೆಯವರಲ್ಲ. ಪ್ರದರ್ಶನದ ಸುದ್ದಿ ಕೇಳಿ, ಇದೇ ಹೋಟೆಲಿನಲ್ಲಿ ದಶಕಗಳ ಕಾಲ ಸಪ್ಲೈಯರ್ ಆಗಿದ್ದವರೊಬ್ಬರ ಮಗಳು ತಮ್ಮ ಮನೆಯ ಚಿತ್ರಗಳನ್ನು ತಂದರು. ಅವರ ತಂದೆ ದಕ್ಷಿಣ ಕನ್ನಡದ ಹಳ್ಳಿಯಿಂದ ಹುಡುಗನಾಗಿ ಘಟ್ಟ ಹತ್ತಿ ಬಂದು, ಲೋಟ ತೊಳೆಯುವುದರಿಂದ ಆರಂಭಿಸಿದವರು. ತಂದ ಚಿತ್ರಗಳಲ್ಲಿ ಒಂದು ನೌಕರರ ಗ್ರೂಪ್ ಫೋಟೋ. ಅದರ ಪ್ರತಿ ಮಾಲೀಕರ ಆಲ್ಬಮ್‌ನಲ್ಲೂ ಇತ್ತು. ಅಲ್ಲಿ ‘ಸಿಬ್ಬಂದಿ’ ಎಂಬ ಒಂದೇ ಪದ. ಇವರ ಪ್ರತಿಯ ಬೆನ್ನ ಮೇಲೆ ನಿಂತವರ, ಕೂತವರ ಹೆಸರುಗಳೂ ಊರುಗಳೂ ಸಾಲಾಗಿ ಇದ್ದವು. ಅಡ್ಡಗೋಡೆಯ ಚಿತ್ರವನ್ನು ತೋರಿಸಿದಾಗ ಅವರು ಅಚ್ಚರಿಪಡಲಿಲ್ಲ. ಯಾರು ಯಾವ ಕಡೆ ಬಡಿಸಬೇಕು, ಯಾರ ಎಲೆಯನ್ನು ಯಾರು ಎತ್ತಬೇಕು ಎಂಬ ಕಟ್ಟಳೆಯನ್ನು ತಂದೆಯಿಂದ ಕೇಳಿದ್ದಂತೆ ವಿವರಿಸಿದರು. ಅಡ್ಡಗೋಡೆ ತೆಗೆದ ವರ್ಷ ಕೆಲವು ಹಳೆಯ ಗಿರಾಕಿಗಳು ಬರುವುದನ್ನೇ ಬಿಟ್ಟರೆಂಬುದೂ ಅವರ ಮನೆಯಲ್ಲಿ ಉಳಿದ ನೆನಪು. ಎದುರಿಗೆ ಕುಳಿತು ಇದನ್ನೆಲ್ಲ ಕೇಳಿದ ಮಾಲೀಕರು ಎರಡೂ ಚಿತ್ರಗಳನ್ನು, ಕತ್ತರಿಸದೆ, ಅಕ್ಕಪಕ್ಕದಲ್ಲಿ ತೂಗಿಸಲು ಒಪ್ಪಿದರು. ಹೊಸದರ ಕಾಲವನ್ನು 1957ರಿಂದ 1964ರ ನಡುವೆ ಎಂದೂ, ಅಡ್ಡಗೋಡೆ ಅಷ್ಟರೊಳಗೆ ಹೋಗಿತ್ತೆಂದೂ ನಮೂದಿಸಿದೆವು. ಕಾಯ್ದೆಗೆ ಹೆದರಿ ತೆಗೆದರೇ, ತಾವಾಗಿ ತೆಗೆದರೇ ಎಂಬ ಬಗ್ಗೆ ಚಿತ್ರ ಏನನ್ನೂ ಹೇಳದ ಕಾರಣ ಆ ಕುರಿತು ಒಂದು ಪದವನ್ನೂ ಬರೆಯಲಿಲ್ಲ.

ಈ ಭೇಟಿ ಕೆಲಸದ ಇಡೀ ವ್ಯಾಪ್ತಿಯನ್ನು ಬದಲಿಸಿತು. ಅಲ್ಲಿಯವರೆಗೆ ನಾವು ಬರೆಯುತ್ತಿದ್ದದ್ದು ಮುಂಬಾಗಿಲಿನ ಇತಿಹಾಸ. ಮಾಲೀಕರ ಆಲ್ಬಮ್‌ನಲ್ಲಿ ಅಡುಗೆಮನೆಯ ಒಂದು ಚಿತ್ರವೂ ಇಲ್ಲ, ಹೆಂಗಸರು ಮದುವೆಯ ಚಿತ್ರಗಳಲ್ಲಿ ಬಿಟ್ಟರೆ ಎಲ್ಲಿಯೂ ಇಲ್ಲ ಎಂಬುದು ಆಗಲೇ ಗಮನಕ್ಕೆ ಬಂದದ್ದು. ಹಳೆಯ ನೌಕರರ ಮನೆಗಳನ್ನು ಹುಡುಕಲು ಪ್ರಾರಂಭಿಸಿದಾಗ ಕೆಲವರು ಚಿತ್ರ ಕೊಟ್ಟರು, ಕೆಲವರು ಮಾತು ಮಾತ್ರ ಕೊಟ್ಟರು. ಒಬ್ಬರು, ಆ ಹೋಟೆಲಿನ ನೆನಪೇ ಬೇಡವೆಂದು ಬಾಗಿಲಲ್ಲೇ ಹೇಳಿ ಕಳುಹಿಸಿದರು. ಆ ನಿರಾಕರಣೆಯನ್ನೂ ನಮ್ಮ ಟಿಪ್ಪಣಿಯಲ್ಲಿ, ಹೆಸರಿಲ್ಲದೆ, ಸೇರಿಸಿಕೊಂಡಿದ್ದೇವೆ.

ಹಕ್ಕು, ಫಲಿತ, ಉಳಿದದ್ದು

ಮುದ್ರಣಕ್ಕೆ ಹೋಗುವ ಮುನ್ನ ಹಕ್ಕುಸ್ವಾಮ್ಯದ ಪ್ರಶ್ನೆ ಎದ್ದಿತು. ಚಿತ್ರಗಳು ನಮ್ಮ ಮನೆಯಲ್ಲಿವೆ, ಆದ್ದರಿಂದ ನಮ್ಮವು ಎಂಬುದು ಸಾಮಾನ್ಯ ನಂಬಿಕೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೆಯ ಕಲಮಿನಂತೆ, ಬೇರೆ ಒಪ್ಪಂದವಿಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಮೊದಲ ಹಕ್ಕುದಾರರು ತೆಗೆಸಿದವರು. ಪ್ರಾರಂಭೋತ್ಸವದಂಥ ಚಿತ್ರಗಳು ಇಂಥವು. ಸ್ಟುಡಿಯೊಗಳು ತಾವಾಗಿ ತೆಗೆದು ಮಾರಿದ ದಸರೆಯ ಚಿತ್ರಗಳ ವಿಷಯ ಬೇರೆ. ಕೊಂಡವರಿಗೆ ಸಿಕ್ಕಿದ್ದು ಕಾಗದ ಮಾತ್ರ. ಬೆನ್ನ ಮೇಲೆ ಸ್ಟುಡಿಯೊ ಮುದ್ರೆಯಿದ್ದ, ತೀರ ಹಳೆಯವಲ್ಲದ ಕೆಲವನ್ನು ಪುಸ್ತಕದಿಂದ ಹೊರಗಿಟ್ಟೆವು. ಅದರಿಂದ ಎರಡು ಒಳ್ಳೆಯ ಪುಟಗಳು ಕೈಬಿಟ್ಟುಹೋದದ್ದು ನಿಜ.

ಪುಸ್ತಕದ ಮುಖಪುಟದಿಂದ ‘ಶತಮಾನೋತ್ಸವ’ ಎಂಬ ಮಾತನ್ನು ಕೈಬಿಡಲಾಯಿತು. ನಾಮಫಲಕದ 1918 ಹಾಗೆಯೇ ಇದೆ, ಅದನ್ನು ಬದಲಿಸಲು ಕುಟುಂಬ ಒಪ್ಪಲಿಲ್ಲ, ನಾನೂ ಒತ್ತಾಯಿಸಲಿಲ್ಲ. ನೌಕರರ ಗ್ರೂಪ್ ಫೋಟೋ ಹೆಸರುಗಳ ಸಮೇತ, ಆ ಮನೆಗಳ ಒಪ್ಪಿಗೆಯೊಂದಿಗೆ, ಗಲ್ಲಾಪೆಟ್ಟಿಗೆಯ ಎದುರಿನ ಗೋಡೆಯಲ್ಲಿದೆ. ಅಡ್ಡಗೋಡೆಯ ಚಿತ್ರದ ಬಗ್ಗೆ ಆಕ್ಷೇಪ ಬರಲಿಲ್ಲವೆಂದಲ್ಲ. ಬಂದವು, ಎರಡೂ ದಿಕ್ಕಿನಿಂದ. ಹಳೆಯ ಗಿರಾಕಿಯೊಬ್ಬರು ಇದನ್ನು ತೂಗಿಹಾಕಿ ಹೋಟೆಲಿನ ಮಾನ ಕಳೆದಿರೆಂದರು. ಕಾಲೇಜಿನ ಹುಡುಗನೊಬ್ಬ ಒಳಗೇ ಬರಲಾಗದೆ ಹೊರಗೆ ನಿಂತಿದ್ದವರ ಬಗ್ಗೆ ಏಕೆ ಒಂದು ಸಾಲೂ ಇಲ್ಲವೆಂದು ಕೇಳಿದ. ಅವನ ಪ್ರಶ್ನೆ ನ್ಯಾಯವಾದದ್ದು. ಆ ಜನರನ್ನು ಯಾವ ಕ್ಯಾಮೆರಾವೂ ಆ ಬಾಗಿಲಲ್ಲಿ ಹಿಡಿದಿಲ್ಲ, ಆದ್ದರಿಂದ ಶೀರ್ಷಿಕೆಯಲ್ಲೇ ಆ ಸಂಗತಿಯನ್ನು ಬರಹದಲ್ಲಿ ಸೇರಿಸಿ ಫಲಕವನ್ನು ಮರುಮುದ್ರಿಸಲಾಯಿತು.

ಡಿಜಿಟಲ್ ಪ್ರತಿಗಳು ಈಗ ಮೂರು ಕಡೆ ಇವೆ: ಮಾಲೀಕರಲ್ಲಿ, ಚಿತ್ರ ಕೊಟ್ಟ ನೌಕರರ ಮನೆಗಳಲ್ಲಿ, ಸಂಶೋಧಕರಿಗೆ ತೆರೆದ ಒಂದು ಗ್ರಂಥಾಲಯದಲ್ಲಿ. ಗಾಜಿನ ನೆಗೆಟಿವ್‌ಗಳನ್ನು ಆಮ್ಲರಹಿತ ಕಾಗದದಲ್ಲಿ ಸುತ್ತಿ ಲಂಬವಾಗಿ ನಿಲ್ಲಿಸಿಡಲಾಗಿದೆ. ಅಸಿಟೇಟ್ ಫಿಲ್ಮುಗಳ ಸ್ಥಿತಿ ಒಳ್ಳೆಯದಲ್ಲ. ಪೆಟ್ಟಿಗೆ ತೆರೆದರೆ ವಿನೆಗರ್‌ನ ಘಾಟು ಬರುತ್ತದೆ, ಅಂದರೆ ಕೊಳೆಯುವಿಕೆ ಆರಂಭವಾಗಿದೆ, ಅದು ಪಕ್ಕದ ಫಿಲ್ಮುಗಳಿಗೂ ಹಬ್ಬುತ್ತದೆ. ತಂಪಾದ, ಒಣ ಜಾಗದಲ್ಲಿಟ್ಟು ಅದರ ವೇಗವನ್ನು ತಗ್ಗಿಸಬಹುದಷ್ಟೆ, ಆದದ್ದನ್ನು ಸರಿಪಡಿಸಲಾಗದು. ಅವನ್ನು ಉಳಿದವುಗಳಿಂದ ಬೇರ್ಪಡಿಸಿ, ಹೆಚ್ಚು ಸುರುಟಿಕೊಂಡವನ್ನು ಮೊದಲು ಸ್ಕ್ಯಾನ್ ಮಾಡುವ ಕೆಲಸ ಮೇಲಂತಸ್ತಿನ ದುರಸ್ತಿಯ ಜೊತೆಯಲ್ಲೇ ನಡೆಯುತ್ತಿದೆ.